ಹತ್ತಿಯ ಕಿಲ್ಲೆ ಮತ್ತು ನಮ್ಮ ಗೋಕಾಕ ಫಾಲ್ಸ್

ರಸಾಯನಶಾಸ್ತ್ರದ ತರಗತಿಯಲ್ಲಿ ಉಪನ್ಯಾಸಕರು ಟರ್ಕಿ ದೇಶದ ಪಮುಕ್ಕಲೆಯ ಚಿತ್ರ ತೋರಿಸಿದಾಗ, ಹಿಂದಿನ ಬೆಂಚಿನಿಂದ ಯಾರೋ “ಸರ್, ಹಿಮ!” ಎಂದರು. ಅದು ಹಿಮವಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬೆಳೆದ ಬಿಳಿ ಕಲ್ಲು. ಪಮುಕ್ಕಲೆ ಎಂದರೆ ಹತ್ತಿಯ ಕೋಟೆ. ಅಲ್ಲಿನ ‘ಕಲೆ’, ನಮ್ಮ ‘ಕಿಲ್ಲೆ’ ಎರಡೂ ಒಂದೇ ಅರಬ್ಬಿ ಮೂಲದ ಪದಗಳು.

ಅಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡು ನೆಲದಿಂದ ಮೇಲೆ ಬರುತ್ತದೆ. ಹೊರಗೆ ಬಂದೊಡನೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೋನೇಟ್ ಪದರ ಪದರವಾಗಿ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಅಂಟುವ ಬಿಳಿ ಪದರವೂ ಇದೇ. ಪಕ್ಕದಲ್ಲೇ ಹೈರಾಪೊಲಿಸ್ ಎಂಬ ಪ್ರಾಚೀನ ನಗರದ ಅವಶೇಷಗಳಿವೆ.

ಮರುವಾರ ನಾವು ನಾಲ್ವರು ಗೆಳೆಯರು ಗೋಕಾಕ ಫಾಲ್ಸ್‌ಗೆ ಹೋದೆವು. ಅಲ್ಲಿ ನೀರು ಕಲ್ಲನ್ನು ಕಟ್ಟಿದರೆ, ಇಲ್ಲಿ ಕೊರೆದಿದೆ. ಘಟಪ್ರಭೆ ಗಟ್ಟಿ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ದಂಡೆಯಲ್ಲಿ ಚಾಲುಕ್ಯರ ಕಾಲದ ಗುಡಿಗಳಿವೆ. ಇದೇ ನೀರಿನ ಬಲದಿಂದ 19ನೇ ಶತಮಾನದಲ್ಲೇ ಇಲ್ಲಿ ಹತ್ತಿಯ ಗಿರಣಿ ನಡೆಯಿತು. ಹಾಗೆ ನೋಡಿದರೆ ನಮ್ಮದೂ ಒಂದು ಹತ್ತಿಯ ಕಿಲ್ಲೆಯೇ!

ಗುಡಿಯ ಕಂಬದ ಹತ್ತಿರ ನಿಂತಾಗ ಗೆಳೆಯನೊಬ್ಬ ಚೂಪು ಕಲ್ಲು ಎತ್ತಿಕೊಂಡ, ಹೆಸರು ಕೆತ್ತಲು. ನಾನು ಅವನ ಕೈ ಹಿಡಿದೆ. ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ. ಏಳನೇ ತರಗತಿಯಲ್ಲಿದ್ದಾಗ ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟದ ಗೋಡೆಯ ಮೇಲೆ ನಾನೇ ಇದ್ದಿಲಿನಿಂದ ಹೆಸರು ಬರೆದಿದ್ದೆ. ಅದನ್ನು ಅವನಿಗೆ ಹೇಳಿದೆ. ಅವನು ನಕ್ಕು ಕಲ್ಲನ್ನು ಕೆಳಗೆ ಹಾಕಿದ.

ಪಮುಕ್ಕಲೆಯಲ್ಲೂ ಒಮ್ಮೆ ಅವಶೇಷಗಳ ಮೇಲೆಯೇ ಹೋಟೆಲುಗಳು ಎದ್ದಿದ್ದವು. ಬಿಸಿನೀರು ಅವುಗಳ ಈಜುಕೊಳಗಳಿಗೆ ಹರಿದು, ಬಿಳಿ ಕಲ್ಲು ಕಂದುಬಣ್ಣಕ್ಕೆ ತಿರುಗಿತ್ತು. 1988ರಲ್ಲಿ ಆ ಜಾಗ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಹೋಟೆಲುಗಳನ್ನು ಕೆಡವಿದರು. ಈಗ ಆ ಬಿಳಿ ಮೆಟ್ಟಿಲುಗಳ ಮೇಲೆ ಕಾಲಿಡುವವರು ಚಪ್ಪಲಿ ಬಿಡಲೇಬೇಕು.

ಟರ್ಕಿಗೆ ಹೋಗುವುದು ನಮಗೆ ಸದ್ಯಕ್ಕೆ ಕನಸು. ಗೋಕಾಕಕ್ಕೆ, ಹುಕ್ಕೇರಿಗೆ ಬಸ್ಸಿದೆ. ಹೋಗಿ ಬನ್ನಿ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಅಂಚಿಗೆ ಹೋಗಬೇಡಿ. ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಸಾಕು.