ಹಾಜರಾತಿ ತಗ್ಗಿದರೆ ಬಹುಮತ ಹೆಚ್ಚಬೇಕು

ಸಭೆ ಕರೆದಾಗ ಸದಸ್ಯರು ಬಾರದಿರುವುದು ಎಲ್ಲ ಸಂಸ್ಥೆಗಳಿಗೂ ಪರಿಚಿತವಾದ ತೊಡಕು. 2013ರ ಕಂಪನಿ ಕಾಯ್ದೆಯ 103ನೇ ಕಲಮಿನಂತೆ ಸಾರ್ವಜನಿಕ ಕಂಪನಿಯ ಸಾಮಾನ್ಯ ಸಭೆಗೆ, ಸದಸ್ಯರ ಸಂಖ್ಯೆಗನುಗುಣವಾಗಿ, ಕನಿಷ್ಠ 5, 15 ಅಥವಾ 30 ಮಂದಿಯ ಕೋರಂ ಬೇಕು. ಆದರೆ ಬಂದವರು ಎಷ್ಟೇ ಮಂದಿಯಿರಲಿ, ಸಾಧಾರಣ ನಿರ್ಣಯಕ್ಕೆ ಬೇಕಾದ ಬಹುಮತದ ಪ್ರಮಾಣ ಬದಲಾಗುವುದಿಲ್ಲ.

ಬ್ಲಾಕ್‌ಚೈನ್ ಆಧಾರಿತ ಹಣಕಾಸು ವ್ಯವಸ್ಥೆಗಳಲ್ಲಿ ಈ ತೊಡಕು ಇನ್ನೂ ತೀವ್ರವಾದುದು. ಅವುಗಳಲ್ಲಿ ಅನೇಕವುಗಳ ಬೊಕ್ಕಸ ಮತ್ತು ನಿಯಮಗಳ ಬಗ್ಗೆ ಟೋಕನ್ ಹೊಂದಿದವರೇ, ತಮ್ಮ ಹಿಡುವಳಿಗೆ ತಕ್ಕಂತೆ, ಮತ ಚಲಾಯಿಸುತ್ತಾರೆ. ಕೋರಂ ಹೆಚ್ಚಿಸಿದರೆ ಕೆಲಸ ಸ್ಥಗಿತಗೊಳ್ಳುತ್ತದೆ. ತಗ್ಗಿಸಿದರೆ ಬೊಕ್ಕಸ ಕೆಲವರ ಕೈಸೇರುತ್ತದೆ.

ಕಾಂಪೌಂಡ್ ಎಂಬ ಸಾಲ ವ್ಯವಸ್ಥೆಯ ಅನುಭವ ಗಮನಾರ್ಹ. 4,99,000 ಟೋಕನ್‌ಗಳನ್ನು (ಸುಮಾರು 2.4 ಕೋಟಿ ಡಾಲರ್) ಒಂದು ಗುಂಪಿನ ಯೋಜನೆಗೆ ವರ್ಗಾಯಿಸುವ ಪ್ರಸ್ತಾಪಕ್ಕೆ 2024ರ ಜುಲೈನಲ್ಲಿ 6,82,191 ಮತಗಳು ಪರವಾಗಿಯೂ 6,33,636 ಮತಗಳು ವಿರುದ್ಧವಾಗಿಯೂ ಬಂದವು. ಒಟ್ಟು ಟೋಕನ್‌ಗಳು 1 ಕೋಟಿ. ಚಲಾವಣೆಯಾದ ಮತ ಶೇ. 14ಕ್ಕಿಂತ ಕಡಿಮೆ. ನಿರ್ಣಯ ಅಂಗೀಕೃತವಾಯಿತು. ತೀವ್ರ ಆಕ್ಷೇಪಣೆಯ ನಂತರ ಮಾತುಕತೆಯ ಮೂಲಕ ಅದನ್ನು ಕೈಬಿಡಲಾಯಿತು.

2020ರಲ್ಲಿ ಆರಂಭವಾದ ಪೋಲ್ಕಡಾಟ್ ಜಾಲ ಇದಕ್ಕೊಂದು ಪರಿಹಾರವನ್ನು ಅಳವಡಿಸಿತ್ತು. ಸಾರ್ವಜನಿಕ ಪ್ರಸ್ತಾಪಗಳಿಗೆ ನಿಗದಿತ ಕೋರಂ ಇರಲಿಲ್ಲ. ಮತದಾನ ಕಡಿಮೆಯಾದಷ್ಟೂ ಬೇಕಾದ ಬಹುಮತ ಹೆಚ್ಚುತ್ತಿತ್ತು. ಎಲ್ಲರೂ ಮತ ಹಾಕಿದರೆ ಸರಳ ಬಹುಮತ ಸಾಕು. ಶೇ. 25 ಮತದಾನವಾದರೆ ಪರ ಮತಗಳು ವಿರೋಧದ ಎರಡು ಪಟ್ಟನ್ನು ಮೀರಬೇಕು; ಶೇ. 4 ಆದರೆ ಐದು ಪಟ್ಟನ್ನು. ಈ ಸೂತ್ರದಂತೆ ಕಾಂಪೌಂಡ್ ಪ್ರಸ್ತಾಪಕ್ಕೆ ಸುಮಾರು ಎರಡೂಮುಕ್ಕಾಲು ಪಟ್ಟು ಪರ ಮತಗಳು ಬೇಕಾಗುತ್ತಿದ್ದವು, ಅದು ಬಿದ್ದುಹೋಗುತ್ತಿತ್ತು. 2023ರಲ್ಲಿ ಪೋಲ್ಕಡಾಟ್ ಹೊಸ ಪದ್ಧತಿಗೆ ಬದಲಾಯಿತು. ಇದರಲ್ಲಿ ಪ್ರಸ್ತಾಪದ ವರ್ಗಕ್ಕೆ ತಕ್ಕ ಮಿತಿಗಳಿದ್ದು, ಅವು ದಿನಗಳೆದಂತೆ ಸಡಿಲಗೊಳ್ಳುತ್ತವೆ.

ಆದರೆ ಮಿತಿಯೊಂದೇ ರಕ್ಷಣೆಯಾಗದು. 2022ರ ಏಪ್ರಿಲ್‌ನಲ್ಲಿ ಬೀನ್‌ಸ್ಟಾಕ್ ವ್ಯವಸ್ಥೆಯಲ್ಲಿ ಒಬ್ಬಾತ ಕ್ಷಣಮಾತ್ರದ ಸಾಲದಿಂದ ಮೂರನೇ ಎರಡಕ್ಕಿಂತ ಹೆಚ್ಚು ಮತಬಲ ಪಡೆದು, ನಿರ್ಣಯವನ್ನು ಆಗಿಂದಾಗಲೇ ಜಾರಿಗೊಳಿಸಿ ಬೊಕ್ಕಸವನ್ನು ಬರಿದುಮಾಡಿದನು. ಎರವಲು ತಂದ ಹಾಜರಾತಿಗೆ ಎತ್ತರದ ಮಿತಿಯೂ ಅಡ್ಡಿಯಾಗಲಿಲ್ಲ. ನಿರ್ಣಯಕ್ಕೂ ಜಾರಿಗೂ ನಡುವೆ ಕೆಲವು ದಿನಗಳ ಅಂತರವಿದ್ದಿದ್ದರೆ ಆಕ್ಷೇಪಣೆಗೆ ಅವಕಾಶವಿರುತ್ತಿತ್ತು.

ವರ್ತಕರ ಸಂಘಗಳೂ ಕೈಗಾರಿಕಾ ಸಂಘಗಳೂ ತಮ್ಮ ನಿಯಮಾವಳಿಯನ್ನು ತಿದ್ದುವಾಗ ಈ ಎರಡೂ ಅಂಶಗಳನ್ನು ಪರಿಶೀಲಿಸುವುದು ಒಳಿತು. ಸಂಘದ ನಿವೇಶನವನ್ನು ಮಾರುವ ನಿರ್ಣಯಕ್ಕೂ ಚಹಾಕೂಟದ ವೆಚ್ಚಕ್ಕೂ ಒಂದೇ ಅಳತೆಗೋಲು ಸಲ್ಲದು.