ಕುಕ್ಕರಿನಲ್ಲೊಂದು ನಿರ್ವಾತ ಪಾತ್ರೆ

ಒಳಗಿನ ಗಾಳಿಯನ್ನು ಪಂಪಿನಿಂದ ಹೊರಗೆಳೆಯಬಲ್ಲ ಭದ್ರ ಪಾತ್ರೆಯೇ ವ್ಯಾಕ್ಯೂಮ್ ಛೇಂಬರ್, ಅಂದರೆ ನಿರ್ವಾತ ಪಾತ್ರೆ. ಅದರೊಳಗೆ ಒಲೆಯಿಲ್ಲದೆ ನೀರು ಕುದಿಯುತ್ತದೆ, ಅರೆಬರೆ ಊದಿದ ಬಲೂನು ತಾನಾಗಿ ಉಬ್ಬುತ್ತದೆ.

ಮನೆಯಲ್ಲೇ ಇದನ್ನು ಮಾಡಲು ಉಪ್ಪಿನಕಾಯಿಯ ಗಾಜಿನ ಭರಣಿ ಸಾಲದೇ? ಖಂಡಿತ ಬೇಡ. ಸುತ್ತಲಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋ ಭಾರ ಹೇರುತ್ತದೆ. ಒಳಗಿನ ಗಾಳಿ ತೆಗೆದರೆ 20 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಸುಮಾರು 300 ಕಿಲೋ ಕೂತಂತೆ. ಕಾಣದಂಥ ಗೀರಿದ್ದರೂ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿಯಬಹುದು. ತೆಳು ತಗಡಿನ ಡಬ್ಬ, ಚೌಕದ ಪಾತ್ರೆಯೂ ಬೇಡ.

5 ಲೀಟರಿನ, ಹೊರಮುಚ್ಚಳದ ಪ್ರೆಷರ್ ಕುಕ್ಕರಿನ ತಳಪಾತ್ರೆ ತಕ್ಕದ್ದು. ನೆಗ್ಗಿರಬಾರದು. ಅದರ ಮುಚ್ಚಳ ಬಿಡಿ, 20 ಮಿ.ಮೀ. ದಪ್ಪದ ಅಕ್ರಿಲಿಕ್ ಹಲಗೆ ಇಡಿ. ನಡುವೆ ಸಿಲಿಕೋನ್ ಗ್ಯಾಸ್ಕೆಟ್, ಅಂದರೆ ಮೆತ್ತನೆಯ ರಬ್ಬರಿನಂಥ ಬಳೆ. ಅಂಟು ಬೇಕಿಲ್ಲ, ಗಾಳಿಯೇ ಒತ್ತಿ ಹಿಡಿಯುತ್ತದೆ. ವಾಲ್ವ್ ಇರುವ ಪಂಪಿನ ಪೈಪು, ಒತ್ತಡ ತೋರಿಸುವ ಗೇಜು, ಗಾಳಿ ಬಿಡುವ ವಾಲ್ವಿಗೆ ಕುಕ್ಕರಿನ ಗೋಡೆಯಲ್ಲೇ ತೂತು ಕೊರೆಸಿ. ಅಕ್ರಿಲಿಕ್ಕಿಗೆ ಕೊರೆದರೆ ಬಿರುಕು ಅಲ್ಲಿಂದಲೇ ಶುರು. ಸ್ಪಿರಿಟ್ಟಿನಿಂದ ಒರೆಸಿದರೂ ಅದು ಬಿರುಕು ಬಿಡಬಹುದು, ಸೋಪುನೀರು ಸಾಕು.

ಮೊದಲು ಖಾಲಿ ಪಾತ್ರೆಯನ್ನೇ ಪರೀಕ್ಷಿಸಿ. ಸುರಕ್ಷತಾ ಕನ್ನಡಕ ಹಾಕಿ, ದಪ್ಪ ಕಂಬಳಿ ಹೊದಿಸಿ, ದೂರ ನಿಂತು ಪಂಪು ಹಾಕಿ. ಬಿರುಕು ಕಂಡರೆ ಆ ಹಲಗೆ ಕಸಕ್ಕೆ. ನಿಲ್ಲಿಸುವಾಗ ಮೊದಲು ಪಂಪಿನ ಕಡೆಯ ವಾಲ್ವ್ ಮುಚ್ಚಿ, ಆಮೇಲೆ ಸ್ವಿಚ್ ಆರಿಸಿ. ಇಲ್ಲದಿದ್ದರೆ ಪಂಪಿನ ಎಣ್ಣೆ ಪಾತ್ರೆಗೆ ನುಗ್ಗೀತು. ಪೆಟ್ರೋಲು, ಸ್ಪಿರಿಟ್ಟು, ಜೀವಿಗಳನ್ನು ಒಳಗಿಡಲೇಬೇಡಿ. ಮಕ್ಕಳ ಜೊತೆ ದೊಡ್ಡವರಿರಲಿ.

ಬೆಂಗಳೂರಿನಲ್ಲಿ ಗೇಜಿನ ಮುಳ್ಳು ಪಾದರಸದ 680 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ, ಸಮುದ್ರಮಟ್ಟದ 760 ಮುಟ್ಟುವುದಿಲ್ಲ. ಪಂಪು ಕೆಟ್ಟಿಲ್ಲ. ಊರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡವೇ ಅಷ್ಟು. ಮಂಗಳೂರಿನಲ್ಲಾದರೆ 760ರ ಹತ್ತಿರ ಹೋಗುತ್ತದೆ. ಒಳಗೆ 24 ಮಿ.ಮೀ. ಒತ್ತಡ ಉಳಿದಾಗ 25 ಡಿಗ್ರಿಯ ನೀರು ಕೊತಕೊತ ಕುದಿಯುತ್ತದೆ. ಲೋಟ ಹೊರತೆಗೆದು ಮುಟ್ಟಿ, ತಣ್ಣಗಿರುತ್ತದೆ! ಆದರೆ ನೀರಿನ ಆವಿ ಪಂಪಿನ ಎಣ್ಣೆ ಕೆಡಿಸುತ್ತದೆ. ಎರಡು ಚಮಚ ನೀರು, ಒಂದೆರಡು ನಿಮಿಷ ಸಾಕು. ಎಣ್ಣೆ ಬೆಳ್ಳಗಾದರೆ ಬದಲಿಸಿ.

ಖರ್ಚಿನಲ್ಲಿ ಪಂಪಿನದೇ ದೊಡ್ಡ ಪಾಲು. ಎಸಿ ಮೆಕ್ಯಾನಿಕ್‌ಗಳು ಬಳಸುವ ಚಿಕ್ಕ ಪಂಪಿಗೆ ಐದಾರು ಸಾವಿರ ರೂಪಾಯಿ ಆದೀತು. ಪರಿಚಯದ ಮೆಕ್ಯಾನಿಕ್ ಇದ್ದರೆ ಒಂದು ದಿನಕ್ಕೆ ಕೇಳಿ ನೋಡಿ, ಅದೇ ಜಾಣತನ. ಫ್ರಿಜ್ ಬಿಡಿಭಾಗಗಳ ಅಂಗಡಿಯಲ್ಲಿ ಗೇಜು, ಪೈಪು ಸಿಗುತ್ತವೆ. ನೇಮ್‌ಬೋರ್ಡ್ ಮಾಡುವವರಲ್ಲಿ ಅಕ್ರಿಲಿಕ್ ತುಂಡು ಕೇಳಿ. ತೂತು ಕೊರೆದ ಕುಕ್ಕರನ್ನು ಅಡುಗೆಮನೆಗೆ ಮರಳಿ ತರಬೇಡಿ. ಅದರ ಮೇಲೆ ‘ಅಡುಗೆಗಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.