ವಿಕಲಚೇತನ ವಿದ್ಯಾರ್ಥಿಗಳಿಗೆ ಕಡಿಮೆ ವೆಚ್ಚದ ಕಲಿಕಾ ಸಾಧನಗಳು

ದೃಷ್ಟಿದೋಷ ಅಥವಾ ಬೌದ್ಧಿಕ ವಿಕಲತೆಯುಳ್ಳ ಮಗುವಿಗೆ ಕಪ್ಪುಹಲಗೆ ಮತ್ತು ಪಠ್ಯಪುಸ್ತಕಗಳಷ್ಟೇ ಸಾಲವು. ಮುಟ್ಟಿ, ಕೇಳಿ, ಜೋಡಿಸಿ ಕಲಿಯುವ ಸಾಧನ ದೊರೆಯದಿದ್ದಲ್ಲಿ, ಮಗುವಿನ ಹೆಸರು ಹಾಜರಾತಿ ಪುಸ್ತಕದಲ್ಲಿದ್ದರೂ ಅದು ಕಲಿಕೆಯಿಂದ ಹೊರಗುಳಿಯುತ್ತದೆ. ಇಂತಹ ಸಾಧನಗಳೆಲ್ಲವೂ ದುಬಾರಿ ಎಂಬ ಭಾವನೆಯಿಂದ ಅನೇಕ ಪೋಷಕರು ಅರ್ಜಿಯನ್ನೇ ಸಲ್ಲಿಸುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ಪೋಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸ್ಥಳೀಯವಾಗಿ ದೊರೆಯುವ ಸಾಧನಗಳು

ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಚನ್ನಪಟ್ಟಣದ ಆಟಿಕೆಗಳನ್ನು ಮೆದುವಾದ ಆಲೆ ಮರದಿಂದ ಲೇತ್ ಯಂತ್ರದಲ್ಲಿ ಕಡೆದು, ಅರಗಿನ ಬಣ್ಣ ಲೇಪಿಸಿ ತಯಾರಿಸಲಾಗುತ್ತದೆ. ಒಂದರ ಮೇಲೊಂದು ಜೋಡಿಸುವ ಬಳೆಗಳಿಂದ ಮಗು ಗಾತ್ರ ಹಾಗೂ ಕ್ರಮವನ್ನು ಬೆರಳುಗಳ ಮೂಲಕವೇ ಅರಿಯುತ್ತದೆ. ಗಿಲಕಿಯಿಂದ ಶಬ್ದ ಬಂದ ದಿಕ್ಕನ್ನು ಗುರುತಿಸುತ್ತದೆ.

ಬ್ರೈಲ್ ಲಿಪಿಯ ಪ್ರಾಥಮಿಕ ಪಾಠಕ್ಕೂ ಮರದ ಹಲಗೆ ಸಾಕು. ಬ್ರೈಲ್‌ನ ಒಂದು ಕೋಶದಲ್ಲಿ ಎರಡು ಸಾಲುಗಳಲ್ಲಿ ತಲಾ 3ರಂತೆ 6 ಚುಕ್ಕಿಗಳಿರುತ್ತವೆ. ಹಲಗೆಯಲ್ಲಿ 6 ರಂಧ್ರ ಕೊರೆದು, 1ನೆಯ ರಂಧ್ರದಲ್ಲಿ ಗೂಟವಿರಿಸಿದರೆ ‘ಅ’, 1 ಮತ್ತು 3ರಲ್ಲಿ ಇರಿಸಿದರೆ ‘ಕ’ ಆಗುತ್ತದೆ. ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೆ ಚಿಕ್ಕ ಬಿಡಿಭಾಗಗಳನ್ನು ನೀಡಬಾರದು.

ಉಚಿತ ಸಾಧನಗಳ ಹಕ್ಕು

ಮನೆಯ ಸಾಧನಗಳು ಆರಂಭಕ್ಕೆ ಮಾತ್ರ. ಅವು ಸರ್ಕಾರಿ ಸೌಲಭ್ಯಕ್ಕೆ ಪರ್ಯಾಯವಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಕಲಂ 17ರನ್ವಯ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ ವಿದ್ಯಾರ್ಥಿಗಳಿಗೆ 18 ವರ್ಷ ವಯಸ್ಸಿನವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕಾಗಿರುತ್ತದೆ. ಬೌದ್ಧಿಕ ವಿಕಲತೆಯುಳ್ಳ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ಉದ್ದಿಮೆಯಾದ ಅಲಿಮ್ಕೋ ಸಂಸ್ಥೆಯು ಬಹು-ಇಂದ್ರಿಯ ಕಲಿಕಾ ಕಿಟ್ ತಯಾರಿಸುತ್ತದೆ.

ಸೌಲಭ್ಯ ಪಡೆಯುವ ವಿಧಾನ

1. ಶಾಲೆಗೆ ದಾಖಲಾದ ಮಕ್ಕಳ ಪೋಷಕರು ಮುಖ್ಯ ಶಿಕ್ಷಕರ ಮೂಲಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು (ಬಿ.ಆರ್.ಸಿ.) ಸಂಪರ್ಕಿಸುವುದು. ಸಮಗ್ರ ಶಿಕ್ಷಣ ಯೋಜನೆಯಡಿ ಮಗುವಿನ ಅಗತ್ಯವನ್ನು ತಪಾಸಣಾ ಶಿಬಿರದಲ್ಲಿ ಗುರುತಿಸಲಾಗುತ್ತದೆ.

2. ಕೇಂದ್ರದ ಅಡಿಪ್ ಯೋಜನೆಯಡಿ ಆದಾಯ ಮಿತಿ ಅನ್ವಯಿಸುತ್ತದೆ. ಅರ್ಜಿಯೊಂದಿಗೆ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.), ಆದಾಯ ಪ್ರಮಾಣ ಪತ್ರ ಹಾಗೂ ಭಾವಚಿತ್ರವನ್ನು ಸಿದ್ಧಪಡಿಸಿಕೊಳ್ಳುವುದು.

3. ಗುರುತಿನ ಚೀಟಿ ಇಲ್ಲದವರು ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ನೆರವು ನೀಡುತ್ತಾರೆ.

ಪೋಷಕರ ಗಮನಕ್ಕೆ

2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದೆ. ಆದ್ದರಿಂದ ಅರ್ಜಿಯಲ್ಲಿ ಜಿಲ್ಲೆಯ ಹೆಸರನ್ನು ಭರ್ತಿ ಮಾಡುವಾಗ ದಾಖಲೆಗಳೊಂದಿಗೆ ತಾಳೆ ನೋಡುವುದು. ಗುರುತಿನ ಚೀಟಿ ಬರುವವರೆಗೆ ಮಗುವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವ ಅಗತ್ಯವಿಲ್ಲ. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳು ವಿಕಲತೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.